ಹಲಸಿನ ಗಿಡಕ್ಕೆ ಉಲ್ಲನ್ ಟೋಪಿ

ಮೊನ್ನೆ ಬೀರುವಿನ ಕೆಳಗಿನ ಅರೆಯನ್ನು ಖಾಲಿ ಮಾಡುತ್ತಿದ್ದಾಗ ಗುಲಾಬಿ ಬಣ್ಣದ ಒಂದು ಉಲ್ಲನ್ ಟೋಪಿ ಸಿಕ್ಕಿತು. ಚಿಕ್ಕ ಮಕ್ಕಳದ್ದು. ನೆತ್ತಿಯ ಮೇಲೊಂದು ಕುಚ್ಚು, ಎರಡೂ ಬದಿಗೆ ಕಿವಿ ಮುಚ್ಚುವ ಪಟ್ಟಿ. ನಮ್ಮ ಮನೆಯಲ್ಲಿ ಚಿಕ್ಕ ಮಗು ಓಡಾಡಿ ಇಪ್ಪತ್ತು ವರ್ಷದ ಮೇಲಾಯಿತು. ನಮ್ಮ ಮನೆಯವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಹುಳುಕು ಹಲ್ಲು ನೋಡುವ ಮುಖ ಮಾಡಿ, "ಇದು ಯಾರದೇ?" ಎಂದರು. ಅವರು ದಂತವೈದ್ಯರು. ಬೇರೆ ಮುಖ ಮಾಡಲು ಅವರಿಗೆ ಬರುವುದಿಲ್ಲ.

"ಹಲಸಿನ ಗಿಡದ್ದು" ಎಂದೆ.

"ಓ, ಹೌದಲ್ಲ" ಎಂದು ಇದ್ದಲ್ಲೇ ಇಟ್ಟು ಪೇಪರ್ ಓದಲು ಹೋದರು. ಮದುವೆಯಾಗಿ ಮೂವತ್ತೈದು ವರ್ಷವಾದ ಮೇಲೆ ಗಂಡಸರು ಏನು ಹೇಳಿದರೂ ನಂಬುತ್ತಾರೆ. ಇಲ್ಲವೇ, ಏನು ಹೇಳಿದರೂ ಅವರಿಗೆ ಕೇಳಿಸುವುದಿಲ್ಲ. ಯಾವುದೆಂದು ನಾನಿನ್ನೂ ಪತ್ತೆ ಮಾಡಿಲ್ಲ.

ನೀವು ಮಾತ್ರ ಅಷ್ಟು ಸುಲಭಕ್ಕೆ ಬಿಡುವವರಲ್ಲ ಎಂದು ಗೊತ್ತು. ಹಾಗಾಗಿ ಹೇಳಿಬಿಡುತ್ತೇನೆ.

ನೈರೋಬಿಯಲ್ಲಿ ಚಳಿಗಾಲ ಎನ್ನುವುದೊಂದು ಇದೆಯಂತೆ. ಜೂನಿನಲ್ಲಿ ಶುರುವಾಗಿ ಆಗಸ್ಟಿಗೆ ಮುಗಿಯುತ್ತದೆ. ಆ ಮೂರು ತಿಂಗಳು ಈ ಊರಿನವರನ್ನು ನೋಡಬೇಕು. ನಮ್ಮ ಲ್ಯಾವಿಂಗ್ಟನ್ ಕಾಂಪೌಂಡಿನ ಗೇಟಿನಲ್ಲಿ ಕೂರುವ ಕಾವಲುಗಾರ ಮೊಣಕಾಲು ದಾಟುವ ಕೋಟು ಹಾಕಿ, ತಲೆಗೆ ಮಫ್ಲರ್ ಸುತ್ತಿ, ಕಣ್ಣು ಮಾತ್ರ ಬಿಟ್ಟು, ಹಿಮಾಲಯದ ಗಡಿ ಕಾಯುವವನಂತೆ ಕೂತಿರುತ್ತಾನೆ. ಮಟಾಟು ಬಸ್ಸುಗಳ ಕಿಟಕಿಯನ್ನು ಯಾರೂ ತೆರೆಯಗೊಡುವುದಿಲ್ಲ. ನಮ್ಮ ಕನ್ನಡದ ಹೆಂಗಸರು ರೇಷ್ಮೆ ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಗಾಳಿ ತುಂಬಿದ ದಿಂಬಿನಂಥ ಜಾಕೆಟ್ಟು ಹಾಕಿ ದೇವಸ್ಥಾನಕ್ಕೆ ಬಂದು, "ಅಬ್ಬಾ, ಏನು ವಿಂಟರ್ರೀ ಈ ಸಲ!" ಎಂದು ಹಲ್ಲು ಕಡಿಯುತ್ತಾರೆ. ಎಷ್ಟು ಡಿಗ್ರಿ ಎಂದು ಕೇಳಿ. ಹನ್ನೆರಡು! ಹನ್ನೆರಡು ಡಿಗ್ರಿಗೆ ವಿಂಟರ್ ಎನ್ನುವವರ ಜೊತೆ ನನಗೆ ಮಾತಿಲ್ಲ. ನಾನು ಈ ಊರಿನ ಒಂದು ಖಾಸಗಿ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಕಲಿಸಿದವಳು. ಡಿಗ್ರಿ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ನಾನೂ ಎರಡು ಸ್ವೆಟರ್ ಹಾಕಿಕೊಳ್ಳುತ್ತೇನೆ, ನಿಜ. ಅದು ಚಳಿಗಲ್ಲ, ಥಂಡಿಗೆ.

ಅದರ ಮೇಲೆ ನಾನು ಬಳ್ಳಾರಿಯವಳು. ನಮ್ಮೂರಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಬೇಸಿಗೆ ಬರುತ್ತಲ್ಲಪ್ಪ ಎಂದು ಹೆದರುವ ಕಾಲ. ಮಾಳಿಗೆಗೆ ನೀರು ಚೆಲ್ಲಿ, ಅದು ಚುಂಯ್ ಎಂದು ಆರಿದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದವರು ನಾವು. ಗಿಡ ಕಾಯುವುದು ಗೊತ್ತಿಲ್ಲದವರೇನೂ ಅಲ್ಲ. ನಮ್ಮಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮನೆಯ ಮುಂದೆ ಒಂದು ದಾಳಿಂಬೆ ಗಿಡ ನೆಟ್ಟಿದ್ದರು. ಅದಕ್ಕಿದ್ದ ಶತ್ರುಗಳು ಎರಡು, ಮೇಕೆ ಮತ್ತು ದೃಷ್ಟಿ. ಮೇಕೆಗೆ ಸುತ್ತಲೂ ಜಾಲಿಮುಳ್ಳು. ದೃಷ್ಟಿಗೆ ಒಂದು ಒಡಕು ಮಡಕೆಗೆ ಸುಣ್ಣ ಬಳಿದು, ಮೂತಿ ಬರೆದು ತಲೆಕೆಳಗಾಗಿ ಕೋಲಿಗೆ ಸಿಕ್ಕಿಸುವುದು. ಉಳಿದವರ ಮನೆಯಲ್ಲಿ ಎರಡು ಚುಕ್ಕಿ ಒಂದು ಗೀಟು ಎಳೆದರೆ ಮುಗಿಯಿತು. ನಮ್ಮಪ್ಪ ಕಲಾವಿದರಲ್ಲವೇ? ಹುಬ್ಬು, ಮೀಸೆ, ಗಲ್ಲದ ಗುಳಿ ಎಲ್ಲವನ್ನೂ ಬರೆದು ನೆರಳು ಬೆಳಕು ತೀಡಿದರು. ಮುಗಿಸಿ ನೋಡಿದರೆ ಅದು ಥೇಟ್ ಅವರ ಹೆಡ್‌ಮಾಸ್ಟರ್! ಅಳಿಸಲು ಅಪ್ಪನಿಗೆ ಮನಸ್ಸು ಬರಲಿಲ್ಲ. ಒಂದು ಸಂಜೆ ಹೆಡ್‌ಮಾಸ್ಟರೇ ಕಾಫಿಗೆ ಬಂದರು. ಗೇಟಿನ ಹತ್ತಿರ ಬಹಳ ಹೊತ್ತು ನಿಂತರು. ಆಮೇಲೆ ಒಳಗೆ ಬಂದು ಕೂತು, "ಮೀಸೆ ಸ್ವಲ್ಪ ದಪ್ಪ ಆತಲ್ರೀ ಮೇಷ್ಟ್ರೇ" ಎಂದರು, ಅಷ್ಟೇ. ಆ ವರ್ಷ ದಾಳಿಂಬೆಯ ಹೀಚು ಕಾಣಿಸಿದಾಗ ನಾವು ಮಕ್ಕಳು ಬೆರಳು ಮಡಚಿಯೇ ತೋರಿಸಿದೆವು. ನೆಟ್ಟಗಿನ ಬೆರಳು ತೋರಿಸಿದರೆ ಹೀಚು ಕೊಳೆಯುತ್ತದೆಂದು ಅಮ್ಮನ ಕಟ್ಟಪ್ಪಣೆ. ಕೊನೆಗೆ ಹಣ್ಣು ತಿಂದದ್ದು ಅಳಿಲು. ಅದಕ್ಕೆ ಮುಳ್ಳೂ ಇಲ್ಲ, ಹೆಡ್‌ಮಾಸ್ಟರೂ ಇಲ್ಲ.

ಇಂಥ ಮನೆತನದವಳ ಮುಂದೆ ಚಳಿಯಿಂದ ಗಿಡ ಕಾಪಾಡುವ ಮಾತಾಡಿದವನು ಚೇತನ್.

ಚೇತನ್ ಯಾರೆಂದು ಹೇಳುವ ಮೊದಲು ಅವನ ಜಾತಿಯ ಬಗ್ಗೆ ಹೇಳಬೇಕು. ಗಾಬರಿಯಾಗಬೇಡಿ, 'ಪೋಸ್ಟಿಂಗ್' ಜಾತಿ. ಬೆಂಗಳೂರಿನಿಂದ ಟೆಲಿಕಾಂ, ಬ್ಯಾಂಕು, ಕಂಪ್ಯೂಟರು ಎಂದು ಕಂಪನಿಗಳು ಮೂರು ವರ್ಷಕ್ಕೆ ಕಳಿಸುವ ಗಂಡ ಹೆಂಡಿರು. ಬಂದ ವಾರವೇ ಯಾರೋ ಕೊಟ್ಟ ನಂಬರಿಗೆ ಫೋನು. "ಆಂಟಿ, ಇಡ್ಲಿ ರವೆ ಎಲ್ಲಿ ಸಿಗುತ್ತೆ? ಆಂಟಿ, ಇಲ್ಲಿ ಸೇಫಾ? ಆಂಟಿ, ಮಕ್ಕಳಿಗೆ ಸ್ಕೂಲು?" ಮೊದಲ ವರ್ಷ ನಾನು ಅವರ ತಾಯಿ. ಎರಡನೆಯ ವರ್ಷ ಅವರ ಸಫಾರಿ ಫೋಟೋಗಳನ್ನು ನೋಡಿ ಅಯ್ಯೋ ಸಿಂಹ ಎಂದು ಬಾಯಿ ಬಿಡುವ ಪ್ರೇಕ್ಷಕಿ. ಮೂರನೆಯ ವರ್ಷ ಗೋದಾಮು. ಹೋಗುವಾಗ ಸಾಮಾನೆಲ್ಲ ನಮ್ಮ ಮನೆಗೆ. ನಮ್ಮ ಸ್ಟೋರ್‌ರೂಮಿನಲ್ಲಿ ನಾಲ್ಕು ಇಡ್ಲಿ ಕುಕ್ಕರ್, ಎರಡು ತಂತಿಯ ಒಂದು ಗಿಟಾರು, ಪರದೆಯ ಕೋಲುಗಳು, ಹೊಸದಾಗಿ ಮೂರು ಗಣಪತಿ ಇದ್ದಾರೆ. ಅಪ್ಪಿಕೊಂಡು ಅತ್ತು, "ಊರಿಗೆ ಬಂದಾಗ ಮನೆಗೆ ಬರಲೇಬೇಕು ಆಂಟಿ" ಎಂದು ಹೋಗುತ್ತಾರೆ. ಆಮೇಲೆ ಯುಗಾದಿಗೊಂದು ಎಲ್ಲರಿಗೂ ಕಳಿಸಿದ್ದೇ ಮೆಸೇಜು. ಅದಕ್ಕೇ ನಾನೊಂದು ನಿಯಮ ಮಾಡಿಕೊಂಡಿದ್ದೆ, ಇವರ ಮಕ್ಕಳ ಹೆಸರು ಕಲಿಯಬಾರದು. ಪುಟ್ಟಾ ಎಂದರೆ ಸಾಕು, ಎಲ್ಲ ಮಕ್ಕಳಿಗೂ ಹೊಂದುತ್ತದೆ.

ಚೇತನ್ ನಮ್ಮ ಪಕ್ಕದ ಮನೆಗೆ ಬಂದ. ಹೆಂಡತಿ ಶ್ವೇತಾ. ಐದು ವರ್ಷದ ಮಗಳು. ಆ ಮಗಳಿಗೆ ನನ್ನ ನಿಯಮ ಗೊತ್ತಿರಲಿಲ್ಲ. ಎರಡನೆಯ ದಿನವೇ ನಮ್ಮ ವರಾಂಡಕ್ಕೆ ಬಂದು, "ಐ ಆಮ್ ಇಶಾನಿ. ವಾಟ್ಸ್ ಯುವರ್ ನೇಮ್?" ಎಂದಳು. "ಆಂಟಿ" ಎಂದೆ. "ದಟ್ಸ್ ನಾಟ್ ಎ ನೇಮ್" ಎಂದಳು. ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಯಾರೂ ನನ್ನನ್ನು ಹಾಗೆ ತಿದ್ದಿರಲಿಲ್ಲ. "ವಿಮಲಾ" ಎಂದು ಹೇಳಬೇಕಾಯಿತು. ಅಂದಿನಿಂದ ದಿನಾ ಮಧ್ಯಾಹ್ನ ಶಾಲೆಯ ವ್ಯಾನು ಇಳಿದು ನೇರ ನಮ್ಮ ವರಾಂಡಕ್ಕೆ. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು. "ಊಟ ಆಯ್ತಾ?" "ಐ ಹ್ಯಾಡ್ ಚಪಾತಿ." ಇಬ್ಬರಿಗೂ ಏನೂ ತೊಂದರೆಯಿರಲಿಲ್ಲ.

ಮಾರನೆಯ ವರ್ಷದ ಫೆಬ್ರವರಿಯಲ್ಲಿ ಚೇತನ್ ನ್ಗಾರಾದ ಒಂದು ಗುಜರಾತಿ ಅಂಗಡಿಯಿಂದ ಅರ್ಧ ಹಲಸಿನ ಹಣ್ಣು ತಂದ. ಈ ದೇಶದ ಕರಾವಳಿಯಿಂದ ಬಂದದ್ದು. ಕೈಗೆ ಎಣ್ಣೆ ಹಚ್ಚಿಕೊಂಡು ಎಲ್ಲರೂ ನಮ್ಮ ವರಾಂಡದಲ್ಲಿ ಕೂತು ಬಿಡಿಸಿದೆವು. ವಾಸನೆ ಇಡೀ ಕಾಂಪೌಂಡಿಗೆ ಹಬ್ಬಿತು. ಗಿಗಿರಿಯ ಯಾವುದೋ ದೊಡ್ಡ ಕಚೇರಿಯಲ್ಲಿ ಕೆಲಸ ಮಾಡುವ ಎದುರು ಮನೆಯ ಬಿಳಿಯ ಹೆಂಗಸು ಮೂಗು ಮುಚ್ಚಿಕೊಂಡು ಬಂದು, ಗ್ಯಾಸ್ ಸೋರುತ್ತಿದೆ, ಎಲ್ಲರೂ ಹೊರಗೆ ಬನ್ನಿ ಎಂದು ಎಚ್ಚರಿಸಿದಳು. ನಾವು ಅವಳಿಗೆ ಎರಡು ತೊಳೆ ಕೊಟ್ಟೆವು. ತಿಂದಳೋ ಬಿಸಾಡಿದಳೋ ತಿಳಿಯದು. ಇಶಾನಿ ಒಂದು ಬೀಜವನ್ನು ಮೊಸರಿನ ಡಬ್ಬಿಯಲ್ಲಿ ಮಣ್ಣು ತುಂಬಿ ನೆಟ್ಟಳು. ಮೂರು ವಾರಕ್ಕೆ ಮೊಳಕೆ ಬಂತು. ಅದಕ್ಕೆ ಜ್ಯಾಕಿ ಎಂದು ಹೆಸರಿಟ್ಟಳು. ಹಲಸಿನ ಗಿಡಕ್ಕೆ ಜ್ಯಾಕಿ! ನಮ್ಮ ಕಾಲದಲ್ಲಿ ನಾಯಿಗೆ ಇಡುತ್ತಿದ್ದೆವು.

ದೀಪಾವಳಿಯ ಹೊತ್ತಿಗೆ ಜ್ಯಾಕಿ ಮೊಣಕಾಲುದ್ದ ಆಗಿತ್ತು. ನಮ್ಮ ಮನೆಗೂ ಅವರ ಮನೆಗೂ ನಡುವಿನ ಹುಲ್ಲಿನಲ್ಲಿ ಅದನ್ನು ನೆಡುವುದೆಂದಾಯಿತು. "ಬಾಡಿಗೆ ಮನೆಯಲ್ಲಿ ಹಲಸಿನ ಮರ ಬೆಳೆಸ್ತೀಯಲ್ಲಪ್ಪ, ಹಣ್ಣು ಬಿಡೋ ಹೊತ್ತಿಗೆ ನೀನು ಯಾವ ದೇಶದಲ್ಲಿರ್ತೀಯೋ" ಎಂದೆ. ಚೇತನ್ ನಕ್ಕ. ನಮ್ಮ ಕಾಂಪೌಂಡಿನ ತೋಟಗಾರ ಮುಟುವಾ ಗುಂಡಿ ತೋಡಿದ. ಮುಟುವಾ ಮಚಾಕೋಸ್ ಕಡೆಯವನು, ಐವತ್ತು ದಾಟಿದವನು. ಮಾತು ಕಮ್ಮಿ. ಅವನ ಮಾವಿನ ಮರಗಳ ಬಗ್ಗೆ ಕೇಳಿದರೆ ಮಾತ್ರ ಬಾಯಿ ಬಿಡುತ್ತಿದ್ದ.

ಡಿಸೆಂಬರಿನ ಒಂದು ಶನಿವಾರ ಹೊರಗೆ ಬಂದು ನೋಡುತ್ತೇನೆ, ಜ್ಯಾಕಿ ಕಾಣೆ! ಅದರ ಜಾಗದಲ್ಲಿ ಗೋಣಿತಾಟಿನ ಒಂದು ಕಂಬ ನಿಂತಿದೆ. ಸುತ್ತ ತಂತಿಬಲೆ. ಬುಡಕ್ಕೆ ಒಣಹುಲ್ಲಿನ ಗುಡ್ಡೆ. ಪಕ್ಕದಲ್ಲಿ ಚೇತನ್ ಕೈಯಲ್ಲೊಂದು ಹಾಳೆ ಹಿಡಿದು ನಿಂತಿದ್ದಾನೆ. ಇಂಟರ್ನೆಟ್ಟಿನಲ್ಲಿ ಯಾವುದೋ ಹಿಮ ಬೀಳುವ ದೇಶದವರು ಬರೆದದ್ದನ್ನು ಆಫೀಸಿನಲ್ಲಿ ಪ್ರಿಂಟ್ ತೆಗೆದು, ಅದಕ್ಕೆ ಲ್ಯಾಮಿನೇಷನ್ ಬೇರೆ ಮಾಡಿಸಿದ್ದ.

"ಏನಪ್ಪ ಇದು?"

"ವಿಂಟರ್ ಪ್ರೊಟೆಕ್ಷನ್ ಆಂಟಿ. ಹೊಸದಾಗಿ ನೆಟ್ಟ ಹಣ್ಣಿನ ಗಿಡಕ್ಕೆ ಫಸ್ಟ್ ವಿಂಟರ್ರೇ ತುಂಬಾ ಕ್ರಿಟಿಕಲ್ ಅಂತೆ."

"ಬಲೆ ಯಾಕೆ?"

ಹಾಳೆ ನೋಡಿ ಹೇಳಿದ. "ಮೊಲ ಬಂದು ತೊಗಟೆ ತಿನ್ನುತ್ತಂತೆ."

"ಲ್ಯಾವಿಂಗ್ಟನ್ನಿನಲ್ಲಿ ಮೊಲ? ಆಯ್ತು, ಇದು ಯಾವ ತಿಂಗಳು?"

"ಡಿಸೆಂಬರ್."

"ನೀನು ಹಾಕ್ಕೊಂಡಿರೋದೇನು?"

ಅವನು ಕೆಳಗೆ ನೋಡಿಕೊಂಡ. ಚಡ್ಡಿ, ಬನಿಯನ್ನು. ಬೆವರು ಇಳಿಯುತ್ತಿತ್ತು. ಅಂದು ನಾನು ಅವನಿಗೆ, ಶ್ವೇತಾಳಿಗೆ, ಇಶಾನಿಗೆ, ಸುಮ್ಮನೆ ಹೋಗುತ್ತಿದ್ದ ಮುಟುವಾನಿಗೆ, ಒಂದು ಕಿತ್ತಳೆ ಹಣ್ಣು ಹಿಡಿದು ಭೂಮಧ್ಯರೇಖೆಯ ಪಾಠ ಮಾಡಿದೆ. ನಾವು ಅದರ ಈ ಕಡೆ ಇದ್ದೇವೆ, ಇಲ್ಲಿ ಡಿಸೆಂಬರ್ ಸೆಖೆಗಾಲ, ಇಲ್ಲಿ ಚಳಿ ಎನ್ನುವುದೇನಾದರೂ ಇದ್ದರೆ ಅದು ಜುಲೈನಲ್ಲಿ, ಇದ್ದರೆ! ಒಳಗೆ ಬಂದಾಗ ನಮ್ಮ ಮನೆಯವರು "ಬೆಲ್ ಹೊಡೀತಾ?" ಎಂದು ಕೇಳಿದರು. ಗೋಣಿ ಬಿಚ್ಚಿದಾಗ ಒಳಗೆ ಜ್ಯಾಕಿ ಹಬೆಯಾಡುತ್ತಿತ್ತು. ಈ ಕಥೆಯನ್ನು ನಾನು ಆರು ತಿಂಗಳು ಊರೆಲ್ಲ ಹೇಳಿದೆ. ದೇವಸ್ಥಾನದಲ್ಲಿ ಹೇಳಿದೆ, ಹುಟ್ಟುಹಬ್ಬಗಳಲ್ಲಿ ಹೇಳಿದೆ, ಚೇತನ್ ಎದುರಿಗಿದ್ದಾಗಲೂ ಹೇಳಿದೆ. ಅವನು ಪಾಪ ಪ್ರತಿ ಸಲ ನಕ್ಕ.

ಜೂನ್ ಬಂತು. ಆಸಾಮಿ ಬುದ್ಧಿ ಕಲಿತನೆಂದುಕೊಂಡಿದ್ದರೆ ಮತ್ತೆ ಅದೇ ಲ್ಯಾಮಿನೇಷನ್ ಹಾಳೆ. "ಆಂಟಿ, ಈಗ ಕರೆಕ್ಟ್ ತಿಂಗಳಲ್ವಾ?" ಒಣಹುಲ್ಲು, ಗೋಣಿ, ಮೇಲೊಂದು ಪ್ಲಾಸ್ಟಿಕ್ ಹಾಳೆ. ಬಲೆಯನ್ನು ಮಾತ್ರ ನನ್ನ ಮುಖ ನೋಡಿ ಬಿಟ್ಟ. ಬೆಳಿಗ್ಗೆ ಬಿಸಿಲಿದ್ದರೆ ತೆರೆಯುವುದು, ಸಂಜೆ ಮುಚ್ಚುವುದು. ಎಲ್ಲ ಮುಗಿದ ಮೇಲೆ ಇಶಾನಿ ತನ್ನ ಗುಲಾಬಿ ಟೋಪಿ ತಂದು ಗೋಣಿಯ ತುದಿಗೆ ತೊಡಿಸಿ, ಕಿವಿಪಟ್ಟಿಗಳನ್ನು ಗಲ್ಲದ ಕೆಳಗೆ ಕಟ್ಟಿದಳು. ಗಲ್ಲ ಎಲ್ಲಿತ್ತೋ ಅವಳಿಗೇ ಗೊತ್ತು.

"ಗಿಡಕ್ಕೆ ಕಿವಿ ಎಲ್ಲಿದೆಯೇ?" ಎಂದೆ.

"ಯು ಡೋಂಟ್ ನೋ ಎವ್ರಿಥಿಂಗ್, ಆಂಟಿ" ಎಂದಳು.

ಜುಲೈ ಮೊದಲ ವಾರ ಚೇತನ್ ಕಂಪನಿಯವರು ವಾಪಸ್ಸು ಕರೆದರು. ಮೂರು ವರ್ಷದ ಪೋಸ್ಟಿಂಗು ಎರಡೂಕಾಲಿಗೆ ಮುಗಿಯಿತು. ಹತ್ತು ದಿನ ಸಮಯ. ನಮ್ಮ ಗೋದಾಮಿಗೆ ಒಂದು ಏರ್ ಫ್ರೈಯರು, ಅರ್ಧ ಚೀಲ ರಾಗಿ ಹಿಟ್ಟು ಬಂತು. ಕೊನೆಯ ಮಧ್ಯಾಹ್ನ ಇಶಾನಿ ಬಂದು ಲ್ಯಾಮಿನೇಷನ್ ಹಾಳೆಯನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟಳು. ಅವಳ ಸೂಚನೆಗಳು ಸ್ಪಷ್ಟವಾಗಿದ್ದವು. ಬಿಸಿಲಿದ್ದರೆ ತೆರೆಯಬೇಕು, ನಾಲ್ಕು ಗಂಟೆಗೆ ಮುಚ್ಚಬೇಕು, ಟೋಪಿ ಮರೆಯಬಾರದು, ಪ್ರತಿ ಭಾನುವಾರ ವಿಡಿಯೋದಲ್ಲಿ ಜ್ಯಾಕಿಯನ್ನು ತೋರಿಸಬೇಕು.

"ಪ್ರಾಮಿಸ್?"

"ಪ್ರಾಮಿಸ್."

ಏರ್‌ಪೋರ್ಟಿಗೆ ನಾನು ಹೋಗಲಿಲ್ಲ. ನಾನು ಯಾರನ್ನೂ ಬಿಡಲು ಏರ್‌ಪೋರ್ಟಿಗೆ ಹೋಗುವುದಿಲ್ಲ. ಅದು ಇನ್ನೊಂದು ನಿಯಮ.

ಮರುದಿನ ಎದ್ದಾಗ ನನಗೆ ವಿಪರೀತ ಸಿಟ್ಟು ಬಂದಿತ್ತು. ಯಾರ ಮೇಲೆಂದು ಕೇಳಬೇಡಿ. ಹೊರಗೆ ಬಂದರೆ ಆ ಗೋಣಿಯ ಕಂಬ ಟೋಪಿ ಹಾಕಿಕೊಂಡು, ಯಾರೋ ಬಿಟ್ಟುಹೋದ ಕೂಸಿನಂತೆ ಖಾಲಿ ಮನೆಯ ಕಡೆ ಮುಖ ಮಾಡಿ ನಿಂತಿತ್ತು. ನೋಡಲಾಗಲಿಲ್ಲ. ಇದೆಂಥ ಹುಚ್ಚಾಟ ಎಂದು ಟೋಪಿ ಕಿತ್ತೆ. ಗೋಣಿ ಬಿಚ್ಚಿದೆ, ಪ್ಲಾಸ್ಟಿಕ್ ಎಳೆದೆ, ಒಣಹುಲ್ಲನ್ನು ಕಾಲಿನಲ್ಲಿ ಒದ್ದು ಚೆದುರಿಸಿದೆ. ಹುಲ್ಲು ಕತ್ತರಿಸುತ್ತಿದ್ದ ಮುಟುವಾ ಕೆಲಸ ನಿಲ್ಲಿಸಿ ಬಂದ.

"ಮಾಮಾ, ವಾಚಾ ತು. ಬಾರಿದಿ ನಿ ಮಿಂಗಿ" ಎಂದ. ಇರಲಿ ಬಿಡಿ ಅಮ್ಮಾ, ಚಳಿ ಜಾಸ್ತಿ ಇದೆ ಎಂದು.

ಮುಟುವಾನ ಬಾಯಲ್ಲಿ ಒಮ್ಮೆಗೆ ಅಷ್ಟು ಮಾತು ಬಂದದ್ದೇ ಅಪರೂಪ. ಆದರೆ ಎದುರಿಗಿದ್ದವಳು ಭೌತಶಾಸ್ತ್ರದ ಟೀಚರು. ನಾನು ಅವನಿಗೆ ವಿವರಿಸಿದೆ, ಸ್ವೆಟರು ತಾನಾಗಿ ಶಾಖ ಕೊಡುವುದಿಲ್ಲ, ಮೈಯ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಗಿಡಕ್ಕೆ ಮೈಶಾಖ ಎಲ್ಲಿದೆ? ಗಿಡಕ್ಕೆ ಸ್ವೆಟರ್ ಹಾಕುವುದೂ ಒಂದೇ, ಬಂಡೆಗೆ ಹಾಕುವುದೂ ಒಂದೇ. ಮುಟುವಾ ಪೂರ್ತಿ ಕೇಳಿಸಿಕೊಂಡು, "ಸವಾ" ಎಂದು ಹುಲ್ಲಿನ ಕಡೆ ಹೋದ. ಸವಾ ಎಂದರೆ ಸರಿ. ಆದರೆ ಅದನ್ನು ಹೇಳುವ ರೀತಿಗಳು ಬೇಕಾದಷ್ಟಿವೆ.

ಇಲ್ಲೇ ನನ್ನ ಮರ್ಯಾದೆಯ ಪ್ರಶ್ನೆ ಬರುವುದು. ಒಂಬತ್ತನೆಯ ಕ್ಲಾಸಿಗೆ ಇಪ್ಪತ್ತೆಂಟು ವರ್ಷ ನಾನೇ ಕಲಿಸಿದ ಪಾಠವೊಂದಿದೆ. ಹಗಲು ನೆಲ ಕಾಯುತ್ತದೆ, ರಾತ್ರಿ ಮೋಡವಿಲ್ಲದಿದ್ದರೆ ಆ ಶಾಖವೆಲ್ಲ ಆಕಾಶಕ್ಕೆ ಹೊರಟುಹೋಗುತ್ತದೆ, ನಡುವೆ ಏನಾದರೂ ಮುಚ್ಚಿಗೆ ಇದ್ದರೆ ಉಳಿಯುತ್ತದೆ. ಗೋಣಿ ಕಾಯುತ್ತಿದ್ದುದು ಗಿಡದ ಶಾಖವನ್ನಲ್ಲ, ನೆಲದ ಶಾಖವನ್ನು. ಪರೀಕ್ಷೆಯಲ್ಲಿ ಇದನ್ನು ಬರೆಯದ ಮಕ್ಕಳಿಗೆ ನಾನು ಸೊನ್ನೆ ಕೊಟ್ಟಿದ್ದೇನೆ. ಅಂದು ಮುಟುವಾನ ಮುಂದೆ ಆ ಪಾಠ ಒಂದಕ್ಷರ ನೆನಪಾಗಲಿಲ್ಲ. ಸಿಟ್ಟು ಬಂದಾಗ ಮನುಷ್ಯರು ಕಲಿತದ್ದರಲ್ಲಿ ಮೊದಲು ಮರೆಯುವುದು ತಾವು ಕಲಿಸಿದ್ದನ್ನೇ ಇರಬೇಕು.

ಜುಲೈ ತಿಂಗಳು ಇಲ್ಲಿ ಸಾಮಾನ್ಯವಾಗಿ ಹಗಲೂ ರಾತ್ರಿ ಮೋಡ. ಅದೇ ವಾರ ಮೋಡ ಸರಿದು ಮೂರು ರಾತ್ರಿ ಆಕಾಶ ತೊಳೆದಿಟ್ಟಂತಿತ್ತು. ಬೆಳಿಗ್ಗೆ ಆರೂವರೆಗೆ ನನ್ನ ಹಳೆಯ ಥರ್ಮಾಮೀಟರ್ ಹಿಡಿದು ಹೊರಗೆ ಬಂದೆ, ದೇವಸ್ಥಾನದ ಹೆಂಗಸರಿಗೆ ಲೆಕ್ಕ ಒಪ್ಪಿಸಬೇಕಿತ್ತಲ್ಲ. ಎಂಟು ಡಿಗ್ರಿ ತೋರಿಸಿತು. ಕೊಡವಿ ಇನ್ನೊಮ್ಮೆ ನೋಡಿದೆ. ಎಂಟೇ. ಜ್ಯಾಕಿಯ ಎಲೆಗಳು ಬಿಸಿನೀರಿಗೆ ಅದ್ದಿ ತೆಗೆದಂತೆ ಕಪ್ಪಗೆ ಜೋತುಬಿದ್ದಿದ್ದವು.

ಆಮೇಲೆ ನಾನು ಮಾಡದೇ ಬಿಟ್ಟದ್ದೇನೂ ಇಲ್ಲ. ಗೋಣಿ ಸುತ್ತಿದೆ. ಒಣಹುಲ್ಲನ್ನು ಕೈಯಲ್ಲಿ ಆಯ್ದು ತಂದು ಬುಡಕ್ಕೆ ಹಾಕಿದೆ. ನನ್ನದೇ ಕಾಶ್ಮೀರಿ ಶಾಲು ಹೊದಿಸಿದೆ. ಲ್ಯಾಮಿನೇಷನ್ ಹಾಳೆಯನ್ನು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದೆ. ದರಿದ್ರದ್ದು, ಅದರಲ್ಲಿ ಇದ್ದದ್ದೆಲ್ಲ ಸರಿಯಾಗೇ ಇತ್ತು, ಮೊಲವೊಂದನ್ನು ಬಿಟ್ಟು. ನಮ್ಮ ಮನೆಯವರನ್ನು ಕರೆದು ತೋರಿಸಿದೆ. ಬಗ್ಗಿ ನೋಡಿ, "ರೂಟ್ ಗಟ್ಟಿ ಇದ್ದರೆ ಉಳಿಯುತ್ತೆ" ಎಂದರು. ಅವರು ಎಲ್ಲರಿಗೂ ಹೇಳುವುದು ಅದನ್ನೇ. ಹತ್ತು ದಿನ ಬಿಟ್ಟು ಮುಟುವಾ ಉಗುರಿನಿಂದ ಕಾಂಡವನ್ನು ಕೆರೆದ. ಒಳಗೆ ಹಸಿರಿರಲಿಲ್ಲ, ಒಣಗಿದ ಕಂದು. ಇನ್ನೂ ಕೆಳಗೆ ಕೆರೆದ. ಅಲ್ಲೂ ಕಂದು.

"ಇಮೆಕುಫಾ, ಮಾಮಾ" ಎಂದ. ಸತ್ತಿದೆ. ನಾನು ಅವತ್ತೇ ಹೇಳಿದ್ದೆ ಎನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಅಷ್ಟರಲ್ಲಿ ಭಾನುವಾರದ ಫೋನೂ ಶುರುವಾಗಿತ್ತು. ಫೋನಿನಲ್ಲಿ ಇಶಾನಿಯ ಮುಖ. "ಶೋ ಮಿ ಜ್ಯಾಕಿ!" ನಾನು ಹೊರಗೆ ಹೋಗಿ ಗೋಣಿಯ ಕಂಬವನ್ನು ತೋರಿಸಿದೆ. ಒಳಗೆ ಸತ್ತ ಗಿಡ, ಮೇಲೆ ಗುಲಾಬಿ ಟೋಪಿ. "ತುಂಬಾ ಚಳಿ ಪುಟ್ಟಾ, ಇವತ್ತು ಬಿಚ್ಚೋ ಹಾಗಿಲ್ಲ" ಎಂದೆ. "ಗುಡ್, ಆಂಟಿ" ಎಂದು ಶಹಬ್ಬಾಸ್ ಕೊಟ್ಟಳು. ಯಾವ ಗೋಣಿಯನ್ನು ಊರೆಲ್ಲ ಆಡಿಕೊಂಡು ನಕ್ಕಿದ್ದೆನೋ ಅದೇ ಗೋಣಿ ಈಗ ನನ್ನ ಮಾನ ಮುಚ್ಚುತ್ತಿತ್ತು. ಆರು ಭಾನುವಾರ ಹೀಗೆ ನಡೆಯಿತು. ನೈರೋಬಿಯ ಚಳಿಯನ್ನು ನಾನು ವರ್ಣಿಸಿದ ಹಾಗೆ ಆ ಆರು ವಾರ ಯಾರೂ ವರ್ಣಿಸಿರಲಾರರು. ಹಿಮ ಬೀಳುವುದೊಂದು ಬಾಕಿಯಿತ್ತು. ಹಿಂದಿನಿಂದ ಚೇತನ್‌ನ ಧ್ವನಿ ಕೇಳಿಸುತ್ತಿತ್ತು, "ನೋಡಿ ಆಂಟಿ, ನಾನು ಹೇಳಿರ್ಲಿಲ್ವಾ?" ಎಂದು. "ಹೌದಪ್ಪ, ನೀನು ಹೇಳಿದ್ದೆ" ಎನ್ನಬೇಕಾಗುತ್ತಿತ್ತು. ಅದೂ ಆರು ಸಲ.

ಸೆಪ್ಟೆಂಬರ್ ಹತ್ತಿರವಾಯಿತು. ಬಿಸಿಲು ಬಂತು. ನನ್ನ ಹಿಂದೆ ಬೋಗನ್‌ವಿಲ್ಲಾ ಹೂ ತುಂಬಿ ನಿಂತದ್ದು ಫೋನಿನಲ್ಲಿ ಚೆನ್ನಾಗಿಯೇ ಕಾಣಿಸಿರಬೇಕು. "ವಿಂಟರ್ ಈಸ್ ಓವರ್. ನೆಕ್ಸ್ಟ್ ಸಂಡೇ ಓಪನ್ ಇಟ್" ಎಂದು ಇಶಾನಿ ಅಪ್ಪಣೆ ಕೊಟ್ಟಳು.

ನಿಜ ಹೇಳಬಹುದಿತ್ತು. ಪರೀಕ್ಷೆಯಲ್ಲಿ ಪಕ್ಕದವರ ಪೇಪರ್ ನೋಡಿದ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ, ಪ್ರಾಮಾಣಿಕತೆಯ ಬಗ್ಗೆ ಗಂಟೆಗಟ್ಟಲೆ ಕೊರೆದವಳು ನಾನು. ಆದರೆ ಬುಧವಾರ ಬೆಳಿಗ್ಗೆ ಮುಟುವಾನನ್ನು ಕಾರಿನಲ್ಲಿ ಕೂರಿಸಿಕೊಂಡು ರಸ್ತೆಬದಿಯ ನರ್ಸರಿಗಳಿಗೆ ಹೊರಟೆ. ಗಿಡಕ್ಕೆ ಟೋಪಿ ಹಾಕಿದವಳು ಅವಳು, ಅವಳಿಗೆ ಟೋಪಿ ಹಾಕಲು ಹೊರಟವಳು ನಾನು. ಮೂರು ನರ್ಸರಿಯಲ್ಲಿ ಅವಕಾಡೋ ಇತ್ತು, ಮಾವಿತ್ತು, ಫೆನೇಸಿ ಇರಲಿಲ್ಲ. ಫೆನೇಸಿ ಎಂದರೆ ಇಲ್ಲಿ ಹಲಸು. ನಾಲ್ಕನೆಯವಳ ಹತ್ತಿರ ಒಂದೇ ಒಂದಿತ್ತು. ಜ್ಯಾಕಿಯಷ್ಟೇ ಎತ್ತರ, ಅಷ್ಟೇ ದಪ್ಪ. ಮೂರು ಎಲೆ ಹೆಚ್ಚಿದ್ದವು, ಅವನ್ನು ಕಾರಿನಲ್ಲೇ ಚಿವುಟಿದೆ. ದಾರಿಯುದ್ದಕ್ಕೂ ಮುಟುವಾ ಕಿಟಕಿಯ ಹೊರಗೇ ನೋಡುತ್ತಿದ್ದ. ಮನೆಗೆ ಬಂದು, ಹಳೆಯದನ್ನು ಕಿತ್ತು, ಅದೇ ಗುಂಡಿಯಲ್ಲಿ ಹೊಸದನ್ನು ನೆಟ್ಟು, ಮೇಲಿನ ಮಣ್ಣನ್ನು ತಟ್ಟಿ ಹಳತು ಕಾಣುವಂತೆ ಮಾಡಿದ. ನಾನು ಹೇಳಿರಲಿಲ್ಲ. ಆ ತಟ್ಟುವುದು ಅವನ ಸ್ವಂತ ಕೊಡುಗೆ.

ಭಾನುವಾರ ಗಿಡದ ಪಕ್ಕದಲ್ಲಿ ನಾನು ನಿಂತೆ, ಎದುರಿಗೆ ಮುಟುವಾ ಫೋನು ಹಿಡಿದು ನಿಂತ. ಇಶಾನಿ ಕಾಣಿಸಿದಳು. ಮುಂದಿನ ಒಂದು ಹಲ್ಲು ಬಿದ್ದಿತ್ತು.

"ನೋಡು ಪುಟ್ಟಾ, ನಿನ್ನ ಜ್ಯಾಕಿ! ಎಷ್ಟು ಚೆನ್ನಾಗಿದೆ!"

ಅವಳು ಫೋನನ್ನು ಮುಖದ ಹತ್ತಿರ ತಂದುಕೊಂಡಳು. ಪರದೆಯ ತುಂಬ ಒಂದು ಕಣ್ಣು.

"ದಟ್ಸ್ ನಾಟ್ ಜ್ಯಾಕಿ."

"ಜ್ಯಾಕಿನೇ ಕಣೇ. ಬೆಳೆದಿದೆ ಅಷ್ಟೇ."

"ನೋ ಆಂಟಿ. ಜ್ಯಾಕಿಗೆ ಕೈಗವಸಿನ ಥರ ಒಂದು ಲೀಫ್ ಇತ್ತು. ವಿತ್ ಎ ಥಂಬ್." ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು. ಎರಡು ತಿಂಗಳಿನ ಬೆಂಗಳೂರು ಕಲಿಸಿದ್ದು.

ಎಳೆಯ ಹಲಸಿನ ಕೆಲವು ಎಲೆಗಳು ಹೆಬ್ಬೆಟ್ಟಿದ್ದಂತೆ ಸೀಳಿರುತ್ತವೆ. ಒಂದೂವರೆ ವರ್ಷ ದಿನಾ ನೋಡಿದ ಗಿಡದಲ್ಲಿ ನಾನು ಅದನ್ನು ಗಮನಿಸಿರಲೇ ಇಲ್ಲ. ಆಡಿಕೊಳ್ಳುವ ಭರದಲ್ಲಿ ನೋಡಲು ಪುರಸೊತ್ತು ಎಲ್ಲಿತ್ತು? ನನ್ನ ಕ್ಲಾಸಿನ ಮಕ್ಕಳು ಎದ್ದು ನಿಂತಾಗ ಹೇಗಿರುತ್ತಿದ್ದರೋ ಹಾಗೇ ನಿಂತೆ.

"ಜ್ಯಾಕಿ ಸತ್ತುಹೋಯ್ತು ಪುಟ್ಟಾ" ಎಂದೆ. "ನಾನೇ ಗೋಣಿ ತೆಗೆದುಬಿಟ್ಟಿದ್ದೆ. ನನ್ನದೇ ತಪ್ಪು. ನಿನ್ನ ಹತ್ತಿರ ಸುಳ್ಳು ಹೇಳಿದೆ."

ಪರದೆಯ ತುಂಬ ಇದ್ದ ಕಣ್ಣು ಹಿಂದೆ ಸರಿದು ಇಡೀ ಮುಖ ಕಾಣಿಸಿತು. ಆಮೇಲೆ, "ಇಟ್ಸ್ ಓಕೆ ಆಂಟಿ. ಮಮ್ಮಿ ಡಿಡ್ ದ ಸೇಮ್ ವಿತ್ ಮೈ ಫಿಶ್" ಎಂದಳು.

ಹಿಂದೆಲ್ಲೋ ಪಾತ್ರೆಯ ಸದ್ದು ನಿಂತಿತು. ಶ್ವೇತಾಳ ಧ್ವನಿ. "ಇಶೂ? ಯಾವ ಫಿಶ್?"

"ಬೋತ್ ಟೈಮ್ಸ್, ಮಮ್ಮಿ."

ಅವಳು ಮತ್ತೆ ನನ್ನ ಕಡೆ ತಿರುಗಿದಳು. "ಡಿಡ್ ಯು ಕ್ರೈ, ಆಂಟಿ?"

"ಹಲಸಿನ ಗಿಡಕ್ಕೆ ಯಾರಾದರೂ ಅಳ್ತಾರೇನೇ?" ಎಂದೆ. ಧ್ವನಿ ಸರಿಯಾಗೇ ಬಂತು.

ಆಗ ಮುಟುವಾ, ಅಲ್ಲಿಯವರೆಗೆ ಫೋನಿನ ಕೋಲಿನಂತೆ ನಿಂತಿದ್ದವನು, ಫೋನನ್ನು ತನ್ನ ಕಡೆ ತಿರುಗಿಸಿಕೊಂಡ. ಪರದೆಯಲ್ಲಿ ಅವನ ಮುಖ ನೋಡಿ ಇಶಾನಿ ಹೋ ಎಂದು ಕೂಗಿದಳು. ಅವನು ಹೆಬ್ಬೆಟ್ಟು ತೋರುಬೆರಳುಗಳ ನಡುವೆ ಒಂದು ಸಾಸಿವೆ ಹಿಡಿಯುವಷ್ಟು ಜಾಗ ಮಾಡಿ ತೋರಿಸಿದ.

"ಕಿಡೋಗೋ" ಎಂದ.

ಕಿಡೋಗೋ ಎಂದರೆ ಸ್ವಲ್ಪ. ಅಷ್ಟರ ಮಟ್ಟಿಗೆ ಮುಟುವಾ ನನ್ನ ಮರ್ಯಾದೆ ಉಳಿಸಿದ.